ನೀರು ಹಾಕಿದವಳು

ಆಯಾಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. ಶಾಲೆಯವರು ಅವಳಿಗೆಂದೇ ಒಂದು ಸ್ಟೂಲ್ ಕೊಟ್ಟಿದ್ದಾರೆ. ಅದರ ಮೇಲಿನ ಬಣ್ಣ ಇನ್ನೂ ಹೊಸದರಂತೆ ಹೊಳೆಯುತ್ತದೆ. ಕೂತ ಎರಡೇ ನಿಮಿಷಕ್ಕೆ ಎದ್ದು, ನಲ್ಲಿ ತೊಟ್ಟಿಕ್ಕುತ್ತಿದೆಯೇ ಎಂದು ನೋಡಲು ಹೊರಟಿರುತ್ತಾಳೆ.

ಇಪ್ಪತ್ತಾರು ವರ್ಷ ಕಟ್ಟಡದ ಕೆಲಸದಲ್ಲಿ ಅವಳದು ಒಂದೇ ಕಸುಬು: ಹೊಸ ಗೋಡೆಗೆ, ಹೊಸ ತಾರಸಿಗೆ ನೀರು ಹಾಕುವುದು. ಗಾರೆಯವರು, ಕಂಬಿ ಕಟ್ಟುವವರು ಕೈ ತೊಳೆದುಕೊಂಡು ಮುಂದಿನ ಕಟ್ಟಡಕ್ಕೆ ಹೋದರೂ ಇವಳು ಪೈಪು ಹಿಡಿದು ಅಲ್ಲೇ ಇರಬೇಕು. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರು ಕುಡಿದು. ಇಷ್ಟೂ ಗೊತ್ತಿಲ್ಲದವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ. ಒಮ್ಮೆ ಮಗಳಿಗೆ ಜ್ವರವೆಂದು ಒಂದು ದಿನ, ಒಂದೇ ಒಂದು ದಿನ, ಹೋಗಲಿಲ್ಲ. ಸುಡುಬಿಸಿಲು ಬೇರೆ. ಮಾರನೆಯ ದಿನ ತಾರಸಿಯುದ್ದಕ್ಕೂ ಬಿರುಕು. ಎಂಜಿನಿಯರ್ ಎಲ್ಲರೆದುರು ಹಿಗ್ಗಾಮುಗ್ಗಾ ಬೈದ. ಆ ಬಿರುಕು ಇವತ್ತಿಗೂ ಅವಳನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಮಂಡಿ ಸವೆದ ಮೇಲೆ ಶಾಲೆಯ ಕೆಲಸ ಸಿಕ್ಕಿತು. ಮೊಮ್ಮಗಳು ಅಲ್ಲೇ ಎಂಟನೇ ತರಗತಿ. ಮೊದಲ ದಿನವೇ ಆ ಹುಡುಗಿ ಇವಳನ್ನು ಬಾಗಿಲ ಹಿಂದೆ ಎಳೆದುಕೊಂಡು ಹೋಗಿ, “ಸ್ಕೂಲಲ್ಲಿ ನಿನ್ನ ಆಯಾ ಅಂತ್ಲೇ ಕರೀತೀನಿ, ಎಲ್ರೂ ಕರೆಯೋ ಹಾಗೆ. ಬೇಜಾರಿಲ್ಲ ತಾನೇ?” ಎಂದಳು.

“ಏನಂತ ಕರೆದ್ರೇನು, ಊಟಕ್ಕೆ ಮನೆಗೇ ತಾನೇ ಬರ್ತೀಯ” ಎಂದು ಆಯಾ ನಕ್ಕಳು. ನಕ್ಕಿದ್ದು ಬಾಯಿ ಮಾತ್ರ.

ಈ ವರ್ಷ ವಿಜ್ಞಾನದ ಮೇಷ್ಟ್ರು ಸೇತುವೆ ಕಟ್ಟುವ ಸ್ಪರ್ಧೆ ಇಟ್ಟರು. ಐಸ್‌ಕ್ರೀಮ್ ಕಡ್ಡಿ, ಬಿಳಿ ಗೋಂದು, ಅಷ್ಟೇ. ಎರಡು ಮೇಜಿನ ನಡುವೆ ಸೇತುವೆ ಇಟ್ಟು, ಅದಕ್ಕೆ ಬಕೆಟ್ ತೂಗುಹಾಕಿ, ಮುರಿಯುವ ತನಕ ಒಂದೊಂದೇ ಇಟ್ಟಿಗೆ ಹಾಕುವುದು. ಆರು ತಂಡ. ಮೊಮ್ಮಗಳು ಮೂರು ವಾರ ಅದೇ ಗುಂಗಿನಲ್ಲಿದ್ದಳು. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ ಎಂದು ಊಟದ ತಟ್ಟೆಯ ಪಕ್ಕದಲ್ಲೇ ಕಡ್ಡಿ ಜೋಡಿಸಿ ತೋರಿಸಿದಳು. ಶನಿವಾರ ಸಂಜೆ ಕೈಗಂಟಿದ ಗೋಂದನ್ನು ಕೀಳುತ್ತಾ, “ಮುಗೀತು. ಸೋಮವಾರದೊಳಗೆ ಸೆಟ್ ಆಗ್ಬೇಕು, ಅಷ್ಟೇ” ಎಂದಳು.

ಸೆಟ್! ಆ ಮಾತು ಕಿವಿಗೆ ಬಿದ್ದದ್ದೇ ತಡ, ಆಯಾಗೆ ನೆಮ್ಮದಿ ಹಾರಿಹೋಯಿತು. ಭಾನುವಾರ ಬೆಳಗ್ಗೆಯಿಂದ ಒಳಗೊಮ್ಮೆ ಹೊರಗೊಮ್ಮೆ. ಬಿಸಿಲು ಏರುತ್ತಿದೆ. ಸೇತುವೆಗಳನ್ನಿಟ್ಟ ಲ್ಯಾಬಿನ ಕಿಟಕಿಗೆ ಪರದೆಯಿಲ್ಲ. ಹೊಸದಾಗಿ ಕಟ್ಟಿದ್ದು ಎರಡು ದಿನ ಹಾಗೇ ಒಣಗಿದರೆ ಗತಿಯೇನು? ಮಕ್ಕಳಿಗೆ ಹೇಳಿಕೊಡುವವರಾದರೂ ಯಾರು? ಮಧ್ಯಾಹ್ನ ಬೀಗದಕೈ ಹಿಡಿದು ಶಾಲೆಗೆ ಹೊರಟೇಬಿಟ್ಟಳು. ಮೊಮ್ಮಗಳ ಸೇತುವೆಗೆ ಮಗ್‌ನಿಂದ ನಿಧಾನವಾಗಿ, ಸಂದು ಸಂದಿಗೂ ನೀರು ಹಾಕಿದಳು. ಸಂಜೆ ಬಂದು ಇನ್ನೊಂದು ಸಲ. ಉಳಿದ ಐದನ್ನು ಮುಟ್ಟಲಿಲ್ಲ. ಬೇರೆಯವರ ಕೆಲಸಕ್ಕೆ ಕೈಹಾಕಬಾರದು, ನೋಡಿ.

ಸೋಮವಾರ ಸೇತುವೆ ಕಡ್ಡಿ ಕಡ್ಡಿ ಬಿಟ್ಟುಕೊಂಡು ಮೇಜಿನ ಮೇಲೆ ಮಲಗಿತ್ತು.

“ಇವಳೇ ಸರ್! ಶನಿವಾರ ಕೊನೇಲಿ ಹೋಗಿದ್ದು ಇವಳೇ!” ಮೊಮ್ಮಗಳು ಪಕ್ಕದ ತಂಡದ ಹುಡುಗಿಯತ್ತ ಬೆರಳು ತೋರಿಸಿ ಕಿರುಚಿದಳು.

“ನಾನು ಮುಟ್ಟೇ ಇಲ್ಲ ಸರ್” ಎನ್ನುತ್ತಲೇ ಆ ಹುಡುಗಿ ಅಳತೊಡಗಿದಳು. ಮೇಷ್ಟ್ರು ನಂಬಿದಂತೆ ಕಾಣಲಿಲ್ಲ.

ಆಯಾ ಬಾಗಿಲ ಬಳಿ ಒರೆಸಿದ ಜಾಗವನ್ನೇ ನಾಲ್ಕನೇ ಸಲ ಒರೆಸುತ್ತಿದ್ದಳು. ಬಾಯಿ ಬಿಟ್ಟರೆ ಕೆಲಸ ಹೋಗಬಹುದು; ಹೋದರೆ ಹೋಗಲಿ. ಮೊಮ್ಮಗಳು ಮತ್ತೆ ಮುಖ ಕೊಟ್ಟು ಮಾತಾಡದಿದ್ದರೆ? ಆದರೆ ಮಾಡದ ತಪ್ಪಿಗೆ ಅಲ್ಲೊಂದು ಮಗು ಬಿಕ್ಕುತ್ತಿತ್ತು.

“ನೀರು ಹಾಕಿದ್ದು ನಾನು” ಎಂದಳು. “ಸೆಟ್ ಆಗ್ಬೇಕು ಅಂತ ಮಕ್ಕಳು ಅಂದ್ರಲ್ಲ ಸರ್... ನೀರಿಲ್ದೆ ಹೇಗೆ ಸೆಟ್ ಆಗುತ್ತೆ?”

ಯಾರೋ ಕಿಸಕ್ಕನೆ ನಕ್ಕರು. ಮೊಮ್ಮಗಳು ಗರಕ್ಕನೆ ತಿರುಗಿದಳು.

“ಅಯ್ಯೋ ಅಜ್ಜೀ! ಅದು ಗೋಂದು ಅಜ್ಜಿ, ಸಿಮೆಂಟಲ್ಲ! ಮೂರು ವಾರ ಮಾಡಿದ್ದು ಅಜ್ಜಿ!”

ನಗು ನಿಂತುಹೋಯಿತು. ತನ್ನ ಬಾಯಿಂದ ಏನು ಬಂತೆಂದು ಆಗ ಮೊಮ್ಮಗಳಿಗೆ ಹೊಳೆದು ಮುಖ ಕೆಂಪಾಯಿತು. ಆಮೇಲೆ ಅಳುತ್ತಿದ್ದವಳ ಬಳಿ ಹೋಗಿ, “ಸಾರಿ ಕಣೇ” ಎಂದಳು. “ನಮ್ಮಜ್ಜಿ ಅವ್ರು. ಬಿಲ್ಡಿಂಗ್‌ಗೆ ನೀರು ಹಾಕೋ ಕೆಲಸ ಮಾಡ್ತಿದ್ರು.”

ಇದ್ದಬದ್ದ ಕಡ್ಡಿಗಳನ್ನು ಒತ್ತಿ ಕೂರಿಸಿ ಸೇತುವೆಯನ್ನು ಪರೀಕ್ಷೆಗಿಟ್ಟರು. ಇಟ್ಟಿಗೆಯ ಮಾತಿರಲಿ, ಬರೀ ಬಕೆಟ್ಟಿಗೇ ಅದು ಮಡಚಿಕೊಂಡು ಬಿತ್ತು. ಅಜ್ಜಿ ಕಡ್ಡಿ ಆಯಲು ಧಾವಿಸಿದಳು.

“ನೀನು ಸುಮ್ನೆ ಕೂತ್ಕೋ ಅಜ್ಜಿ” ಎಂದಳು ಮೊಮ್ಮಗಳು, ಕಣ್ಣೊರೆಸಿಕೊಂಡು ಸ್ಟೂಲ್ ತಂದಿಡುತ್ತಾ.

ಅಜ್ಜಿ ಕೂತಳು. ಉಳಿದ ಐದು ಸೇತುವೆಗಳು ಮುರಿಯುವವರೆಗೂ ಏಳಲಿಲ್ಲ.