ಬಾಗಿಲ ಮುಂದಿನ ಹಾಜರಿ

ನಮ್ಮ ಕಾಲೇಜಿನ ಫ್ರೆಂಚ್ ಮೇಡಂ ಶ್ರೀಗೌರಿ ಹೆಣ ಎಣಿಸುವವಳು. ಫ್ರೆಂಚ್ ಪತ್ತೇದಾರಿ ಕಾದಂಬರಿಗಳಲ್ಲಿ ಹೆಣ್ಣಿನ ಪಾಡೇನು ಎಂಬುದು ಅವಳ ಸಂಶೋಧನೆ. ಒಂಟಿ ಹೆಂಗಸು ಕೊಲೆಯಾದರೆ ಎಷ್ಟು ದಿನಕ್ಕೆ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ ಎಂಬುದರ ಮೇಲೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಆರು ವರ್ಷ ಇದನ್ನೆಲ್ಲ, ಅದೇ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮಲವಗೊಪ್ಪ ಬರುವಷ್ಟರಲ್ಲಿ ನನಗೆ ನಿದ್ದೆ.

ಭದ್ರಾವತಿಯ ನ್ಯೂ ಟೌನಿನಲ್ಲಿ ಅವಳದು ಒಂಟಿ ಬಿಡಾರ. ಎದುರುಮನೆಯ ಶಂಕರಮ್ಮನವರದು ಒಂದೇ ತಕರಾರು: ಇವಳು ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ.

“ಎರಡು ಗೆರೆ ಎಳೆದ್ರೆ ನಿನ್ನ ಓದೇನು ಸವೆದುಹೋಗುತ್ತಾ ಮಾರಾಯ್ತಿ?”

“ಅಂಕಲ್ ಹಾಕ್ಲಿ ಆಂಟಿ, ಆಮೇಲೆ ನಾನೂ ಹಾಕ್ತೀನಿ.”

ಕಳೆದ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಶನಿವಾರ ಸಂಜೆ ಮಲಗಿದವಳು ಬುಧವಾರದವರೆಗೆ ಹಾಸಿಗೆ ಬಿಡಲಿಲ್ಲ. ಫೋನಿನ ಚಾರ್ಜು ಮುಗಿಯಿತು, ತಂಬಿಗೆಯ ನೀರೂ ಮುಗಿಯಿತು. ಆ ಜ್ವರದಲ್ಲೂ ದಿನ ಎಣಿಸುತ್ತಿದ್ದಳಂತೆ. ದಿನಾ ರಂಗೋಲಿ ಇರುವ ಬಾಗಿಲು ಒಂದು ದಿನ ಬರಿದಾದರೆ ಇಡೀ ಬೀದಿ ವಿಚಾರಿಸುತ್ತದೆ. ದಿನಾ ಬರಿದಾಗಿರುವ ಬಾಗಿಲನ್ನು ಯಾರು ನೋಡುತ್ತಾರೆ?

ಕಾಲೇಜಿನ ಹಾಜರಿ ಪುಸ್ತಕದಲ್ಲಿ ‘ರಜೆ’ ಎಂದು ಬರೆದು ಕೈತೊಳೆದುಕೊಂಡರು. ಇನ್ನು ನಾನು! ಬಸ್ಸಿನಲ್ಲಿ ಖಾಲಿ ಇದ್ದ ಅವಳ ಸೀಟಿನ ಮೇಲೆ ಬ್ಯಾಗ್ ಇಟ್ಟು, ಸೋಮವಾರ, ಮಂಗಳವಾರ ಎರಡೂ ದಿನ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಬರೆಯಲು ನಾಚಿಕೆಯಾಗುತ್ತದೆ.

ಬುಧವಾರ ಅವಳೇ ಗೋಡೆ ಹಿಡಿದು ಎದ್ದು, ಆಟೋ ಕರೆದು ಆಸ್ಪತ್ರೆಗೆ ಹೋದಳು. ವಾರ ಕಳೆದು ಬಸ್ಸಿನಲ್ಲಿ ಸಿಕ್ಕಾಗ ಅರ್ಧ ಇಳಿದುಹೋಗಿದ್ದಳು.

“ನನ್ನ ಕಾದಂಬರಿಗಳಲ್ಲಿ ಮೂರು ದಿನಕ್ಕೆ ಯಾರಾದ್ರೂ ಬರ್ತಾರೆ ಮೇಡಂ,” ಎಂದಳು. “ನನಗೆ ನಾಲ್ಕು ದಿನ ಆದ್ರೂ ಯಾರೂ ಬರ್ಲಿಲ್ಲ.”

ಅವತ್ತು ನನಗೆ ನಿದ್ದೆ ಬರಲಿಲ್ಲ.

ಭಾನುವಾರ ಬೆಳಗ್ಗೆ ಮೊದಲ ಸಲ ಅವಳ ಮನೆಗೆ ಹೋದೆ. ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುತ್ತಿದ್ದಳು. ನಾಲ್ಕು ಚುಕ್ಕಿ, ಸುತ್ತ ಒಂದು ಸೊಟ್ಟ ಗೆರೆ. ಎದುರಿಗೆ ಶಂಕರಮ್ಮನವರಿಗೆ ಗೆದ್ದ ಸಂಭ್ರಮ.

“ಅಂತೂ ದೇವ್ರು ಬುದ್ಧಿ ಕೊಟ್ಟ!”

“ದೇವ್ರಿಗಲ್ಲ ಆಂಟಿ, ಇದು ನನ್ನ ಹಾಜರಿ. ಒಂದು ದಿನ ಇದು ಕಾಣ್ಲಿಲ್ಲ ಅಂದ್ರೆ ಬಂದು ಬಾಗಿಲು ತಟ್ತೀರಾ?”

ಶಂಕರಮ್ಮ ತಮಾಷೆ ಎಂದುಕೊಂಡು ನಗುತ್ತಾ ಒಳಗೆ ಹೋದರು. ಶ್ರೀಗೌರಿ ರಂಗೋಲಿ ಬಟ್ಟಲು ಹಿಡಿದು ಅವರು ಒಳಹೋದ ಬಾಗಿಲನ್ನೇ ನೋಡುತ್ತಾ ನಿಂತಳು. ನಾನು ತಟ್ಟುತ್ತೇನೆ ಎನ್ನಲು ನನಗೆ ಯಾವ ಮುಖವಿತ್ತು?