ವೀರಗಲ್ಲು ಗೇಟಿನ ಒಳಗೆ, ಗೈಡ್ ಹೊರಗೆ

ಗೆಳೆಯರೇ, ಇವತ್ತು ಬೆಳಿಗ್ಗೆ ಬೊಮ್ಮಸಂದ್ರದ ಹತ್ತಿರ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನನ್ನನ್ನೂ ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳನ್ನೂ ತಡೆದು ನಿಲ್ಲಿಸಿದರು. ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಈ ವರ್ಷ ಪ್ರವಾಸೋದ್ಯಮ ಎಂಬ ಹೊಸ ವಿಷಯ ಶುರುವಾಗಿದೆ. ಕಲಿಸುವವಳು ನಾನು. ಇವತ್ತು ಪ್ರಾಯೋಗಿಕ ಪರೀಕ್ಷೆ, ಹೊರಗಿನಿಂದ ಬಂದ ಪರೀಕ್ಷಕರೂ ಜೊತೆಗಿದ್ದರು. ಊರಿನ ಹಳೆಯ ವೀರಗಲ್ಲು ಈಗ ಆ ಕಾಂಪೌಂಡಿನೊಳಗಿದೆ. ಮಕ್ಕಳು ಅದರ ಮುಂದೆ ನಿಂತು ಗೈಡ್‌ಗಳಂತೆ ವಿವರಿಸಬೇಕಿತ್ತು. ಹೋದ ವಾರವೇ ಅನುಮತಿಗೆ ಪತ್ರ ಕೊಟ್ಟಿದ್ದೆ.

“ಪತ್ರ ಗಿತ್ರ ನಂಗೊತ್ತಿಲ್ಲ ಮೇಡಂ, ಇದು ಪ್ರೈವೇಟ್ ಪ್ರಾಪರ್ಟಿ,” ಎಂದರು ಅಲ್ಲೇ ಬಿ ಬ್ಲಾಕಿನಲ್ಲಿರುವ ಅಸೋಸಿಯೇಷನ್ ಕಾರ್ಯದರ್ಶಿ.

ಪರೀಕ್ಷಕರು ಗಡಿಯಾರ ನೋಡಿಕೊಂಡರು. “ಪ್ರಾಕ್ಟಿಕಲ್ ನಡೀಲಿಲ್ಲ ಅಂತ ಬರೆದ್ರೆ ಮುಂದಿನ ವರ್ಷ ಈ ಸಬ್ಜೆಕ್ಟ್ ಉಳಿಯೋದು ಕಷ್ಟ ಮೇಡಂ.”

ಆಗ ರೇಣುಕಾ ಮುಂದೆ ಬಂದಳು. ಯಾದಗಿರಿ ಕಡೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಇಲ್ಲಿ ಕಟ್ಟಡ ಕೆಲಸದವರು. ತರಗತಿಯಲ್ಲಿ ಕೇಳಿದರೂ ಮಾತಾಡದವಳು ಗೇಟಿನ ಸರಳು ಹಿಡಿದು ಜೋರಾಗಿ ಶುರು ಮಾಡಿದಳು.

“ಅಲ್ಲಿ ಕಾರಿನ ಹಿಂದ ಕಾಣ್ತದಲ್ರೀ, ಅದು ವೀರಗಲ್ಲು. ಈ ಊರಿನ ದನ ಕಳ್ಳರು ಹೊಡ್ಕೊಂಡು ಹೊಂಟಾಗ ತಡದು ಸತ್ತಾತನ ಕಲ್ಲು.”

ಕಾರ್ಯದರ್ಶಿ ತಿರುಗಿ ಕಲ್ಲಿನ ಕಡೆ ನೋಡಿದರು.

“ಮೇಲ್ಗಡೆ ಇಬ್ರು ಹೆಂಗಸರು ಅವನನ್ನ ಹಿಡ್ಕೊಂಡಿದಾರಲ್ಲ, ಯಾರವರು?” ಎಂದು ಕೇಳಿದರು.

“ಒಳಗ ಬಿಟ್ರ ಹೇಳ್ತೀನ್ರೀ.”

ಕಾರ್ಯದರ್ಶಿ ವಾಚ್‌ಮನ್‌ಗೆ ಸನ್ನೆ ಮಾಡಿದರು. ಗೇಟು ತೆರೆಯಿತು.

ಅವರು ಸತ್ತ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು ಎಂದು ರೇಣುಕಾ ಕಲ್ಲಿನ ಮುಂದೆ ನಿಂತು ಹೇಳಿದಳು. ಪರೀಕ್ಷೆ ಮುಗಿಯಿತು. ಪರೀಕ್ಷಕರಿಗಿಂತ ಹೆಚ್ಚು ಪ್ರಶ್ನೆ ಕೇಳಿದವರು ಕಾರ್ಯದರ್ಶಿಯೇ. ಪ್ರವಾಸಿಗರು ದೂರದೂರದಿಂದ ಬರುತ್ತಾರೆ ಎಂದು ನಮ್ಮ ಪುಸ್ತಕದಲ್ಲಿದೆ. ನಮಗೆ ಸಿಕ್ಕ ಮೊದಲ ಪ್ರವಾಸಿಗರು ಮಾತ್ರ ಬಿ ಬ್ಲಾಕಿನವರು.