ಹಿರೇಮಠ ಸರ್ ಇಳಿಯದ ಇಳಿಜಾರು

ತಿರುವನಂತಪುರದ ಶಂಖುಮುಖಂ ಕಡಲತೀರದಲ್ಲಿ ಅರವತ್ತು ದಾಟಿದವರೊಬ್ಬರು ಲುಂಗಿ ಎತ್ತಿ ಕಟ್ಟಿ, ಸೋಪಿನ ಡಬ್ಬಿಯಷ್ಟಿದ್ದ ಯಂತ್ರವೊಂದನ್ನು ಮರಳಿನಲ್ಲಿ ಹೂಳುತ್ತಿದ್ದರೆ ಅವರು ನಮ್ಮ ಹಿರೇಮಠ ಸರ್ ಎಂದೇ ತಿಳಿಯಬೇಕಿತ್ತು. ಹಿಮ ಕುಸಿದು ಯಾರಾದರೂ ಹೂತುಹೋದರೆ, ಅವರ ಎದೆಗೆ ಕಟ್ಟಿದ ಆ ಯಂತ್ರ ಸಂಕೇತ ಕಳಿಸುತ್ತದೆ. ಉಳಿದವರು ತಮ್ಮ ಯಂತ್ರ ಹಿಡಿದು ಹುಡುಕಿ ಅಗೆಯಬೇಕು. ಹಿಮವಿಲ್ಲದ ಊರಿನಲ್ಲಿ ಅಭ್ಯಾಸಕ್ಕೆ ಮರಳೇ ಗತಿ. ಅಗೆಯುವವನು ನಾನು, ಅದಕ್ಕಾಗಿಯೇ ಕೊಚ್ಚಿಯಿಂದ ರೈಲು ಹತ್ತಿ ಬರುತ್ತಿದ್ದೆ.

ಒಮ್ಮೆ ಮೀನುಗಾರನೊಬ್ಬ, "ಎಂದಾ ಸಾರೇ ಪೋಯದ್?" ಎಂದು ಕೇಳಿದ. ಏನು ಕಳೆದುಹೋಯಿತು ಎಂದು. ಅಭ್ಯಾಸದಲ್ಲಿ ಮುಳುಗಿದ್ದ ಸರ್ ತಲೆಯೆತ್ತದೆ, "ಒರು ಮನುಷ್ಯನ್" ಎಂದುಬಿಟ್ಟರು. ಕ್ಷಣದಲ್ಲಿ ಬಲೆ ಬಿಟ್ಟು ಓಡಿಬಂದವರೆಲ್ಲ ಬರಿಗೈಯಲ್ಲಿ ಮರಳು ಬಗೆಯತೊಡಗಿದರು. ಸಿಕ್ಕಿದ್ದು ಡಬ್ಬಿ. ಬೈಗುಳ ಮುಗಿಯುವವರೆಗೆ ಕೈಮುಗಿದು ನಿಂತು, ಎಲ್ಲರಿಗೂ ಚಹಾ ಕೊಡಿಸಿದ ಮೇಲೆ ಸರ್ ನನಗೆ ಹೇಳಿದರು: "ನೋಡು ತಮ್ಮಾ, ನಿನಕಿಂತ ಅವರ ಛಲೋ ಅಗೀತಾರ."

ಧಾರವಾಡದ ಕಡೆಯವರು, ಕೇಂದ್ರ ಸಂಸ್ಥೆಯೊಂದಕ್ಕೆ ವರ್ಗವಾಗಿ ಬಂದು, ನಿವೃತ್ತರಾದ ಮೇಲೂ ಅದೇ ಊರಿನ ಪಟ್ಟಂ ಬಡಾವಣೆಯ ಫ್ಲ್ಯಾಟಿನಲ್ಲೇ ಉಳಿದಿದ್ದರು. ಪ್ರತಿ ಚಳಿಗಾಲ ಕಾಶ್ಮೀರಕ್ಕೆ ಹೋಗುವರು. ಸ್ಕೀ ಹಲಗೆಗಳ ಅಡಿಗೆ ಜಾರದ ಪಟ್ಟಿ ಅಂಟಿಸಿ, ಯಾರೂ ತುಳಿಯದ ಬೆಟ್ಟವನ್ನು ಗಂಟೆಗಟ್ಟಲೆ ಹತ್ತಿ, ಪಟ್ಟಿ ಕಿತ್ತು, ನಿಮಿಷಗಳಲ್ಲಿ ಜಾರಿ ಇಳಿಯುವ ಹುಚ್ಚು. ಸೆಕೆಗೆ ಅಂಟು ಕೆಡುತ್ತದೆಂದು ಆ ಪಟ್ಟಿಗಳು ವರ್ಷವಿಡೀ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕ. "ಮೊಸರು ತಗೀಲಿಕ್ಕೆ ಹೋದ್ರ ಇವರ ಪಟ್ಟಿ ಕೈಗೆ ಬರ್ತಾವ," ಎಂದು ಅವರ ಹೆಂಡತಿ ಗಂಗಕ್ಕ ದೂರುವರು.

ಇಂಥವರ ಬೆನ್ನಿಗೆ ನಾನು ಹೇಗೆ ಬಿದ್ದೆ ಎಂಬುದು ನನ್ನ ಹೆಂಡತಿಗೆ ಇಂದಿಗೂ ಅರ್ಥವಾಗಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು, ಕೊಚ್ಚಿಯಿಂದ ಹೊರಟು ಆಲುವದವರೆಗೆ ಹೋಗಿ ಮನೆಗೆ ವಾಪಸು ಬಂದವನು ನಾನು. ಸರ್ ನನ್ನನ್ನು ಕರೆದೊಯ್ದದ್ದೇ ಆ ಗುಣಕ್ಕಾಗಿ. ಅವರ ತಂಡದಲ್ಲಿ ಒಂದು ಪದ್ಧತಿಯಿತ್ತು: ಪ್ರತಿ ಇಳಿಜಾರಿನ ಮೇಲೆ ನಿಂತಾಗ ಎಲ್ಲರಿಗಿಂತ ಹೆಚ್ಚು ಅಂಜುವವನು ಮೊದಲು ಮಾತಾಡಬೇಕು. "ಅವ ಬ್ಯಾಡ ಅಂದ್ರ ಎಲ್ಲಾರೂ ಹೊಳ್ಳಿ ಬರೋದು. ಯಾಕಂತ ಕೇಳಂಗಿಲ್ಲ." ಆಫೀಸಿನಲ್ಲಿ ನಗೆಪಾಟಲಾಗಿದ್ದ ನನ್ನ ಅಂಜಿಕೆಗೆ ಜೀವನದಲ್ಲಿ ಮೊದಲ ಬಾರಿ ಹುದ್ದೆ ಸಿಕ್ಕಿತ್ತು.

ನಾವು ಕೊನೆಯ ಬಾರಿ ಕಾಶ್ಮೀರಕ್ಕೆ ಹೋದ ವರ್ಷ ಸರ್ ಅವರ ಮೊಣಕಾಲು ಸೋತಿತ್ತು; ಬೆಟ್ಟ ಹತ್ತಲು ಅದೇ ಕೊನೆಯ ಚಳಿಗಾಲವೆಂದು ವೈದ್ಯರು ಹೇಳಿದ್ದರು. ಎಷ್ಟೋ ವರ್ಷಗಳಿಂದ ಹಿಮದ ಸ್ಥಿತಿ ಸರಿಯಿಲ್ಲವೆಂದು ಅವರು ಬಿಟ್ಟುಬಂದಿದ್ದ ಕಡಿದಾದ ಇಳಿಜಾರೊಂದರ ನೆತ್ತಿಗೆ, ನೋವು ನುಂಗುತ್ತ ಹತ್ತಿದರು. ಬಿಸಿಲಿತ್ತು. ನಮ್ಮ ಮಾರ್ಗದರ್ಶಿ ಬಶೀರ್ ಹಿಮ ಕೊರೆದು ಪದರಗಳನ್ನು ನೋಡಿ, ಅಡ್ಡಿಯಿಲ್ಲ ಎಂಬಂತೆ ತಲೆಯಾಡಿಸಿದ. ಆದರೆ ಬಾಯಿ ತೆರೆಯಲಿಲ್ಲ. ಮೊದಲ ಮಾತು ನನ್ನದು.

"ಹೇಳು ತಮ್ಮಾ."

ಗಾಳಿ ಹಿಮವನ್ನು ರಾಶಿ ಹಾಕಿದ್ದ ಅಂಚೊಂದು ಕಂಡು, ಅದು ಕುಸಿಯುತ್ತದೆ ಎಂದೇ ಅನಿಸಿತು. ಅದು ಜ್ಞಾನವೋ, ಬೆಳಗಿನ ರಾಜ್ಮಾವೋ, ಗೊತ್ತಿಲ್ಲ. "ಬೇಡ ಸರ್," ಎಂದೆ.

ಅವರು ಒಮ್ಮೆ ಕೆಳಗೆ ನೋಡಿದರು. ಬಹಳ ಹೊತ್ತೇನಲ್ಲ. ಆಮೇಲೆ ಹಲಗೆ ತಿರುಗಿಸಿದರು. ನಾವು ಹತ್ತಿದ ದಾರಿಯಲ್ಲೇ ಅರ್ಧ ಇಳಿದಿರಬೇಕು, ಬೇರೆ ತಂಡವೊಂದು ಅದೇ ಇಳಿಜಾರಿನಲ್ಲಿ ಕೇಕೆ ಹಾಕುತ್ತ ಜಾರಿ ಹೋಯಿತು. ಒಂದು ಹಿಡಿ ಹಿಮವೂ ಕುಸಿಯಲಿಲ್ಲ. ಭೂಮಿ ಬಾಯ್ಬಿಡಬಾರದೇ ಎನಿಸಿತು. ಸರ್ ನಿಂತು ನೋಡಿ, "ಛಲೋ ಇಳಿದ್ರು," ಎಂದರಷ್ಟೆ.

ಸರ್ ಮತ್ತು ಗಂಗಕ್ಕ ಪಟ್ಟಂ ಬಿಟ್ಟು ಹುಬ್ಬಳ್ಳಿಯ ಮಗಳ ಮನೆಗೆ ಹೊರಟಾಗ ನಾನು ಅವರನ್ನು ನೋಡಿದ್ದೇ ಕೊನೆ. ಮುಂದಿನ ಮಳೆಗಾಲದಲ್ಲಿ, ನಿದ್ದೆಯಲ್ಲೇ ಸರ್ ಹೋದರು. ಪಟ್ಟಂನ ಆ ಕೊನೆಯ ಭೇಟಿಯ ದಿನ ಗಂಗಕ್ಕ ಪಾತ್ರೆ ಕಟ್ಟುತ್ತಿದ್ದರು. ನಾನು ತಡೆಯಲಾರದೆ ಹೇಳಿದೆ: "ನನ್ನಿಂದ ನಿಮ್ಮ ಇಳಿಜಾರು ತಪ್ಪಿತು. ಒಂದು ಸಲ ಬೈದುಬಿಡಿ ಸರ್."

"ಬೈದ್ರ ಮುಂದಿನ ಸಲ ನೀ ಬಾಯಿ ಬಿಡಂಗಿಲ್ಲ."

"ಮುಂದಿನ ಸಲ ನೀವೇ ಇರಲ್ಲವಲ್ಲ ಸರ್."

"ನಾ ಇರಂಗಿಲ್ಲ," ಎಂದರು, ಮೊಣಕಾಲು ನೀವಿಕೊಳ್ಳುತ್ತ. "ಬಶೀರ ಇರ್ತಾನ. ಅವನ ಮಕ್ಕಳಿನ್ನೂ ಸಣ್ಣವು."